ಟಕ್ವಿಲಾದ ಶನಿವಾರದ ಸಾಲು

ನನಗಿರುವುದು ಒಬ್ಬನೇ ಮಗ. ಅವನಿಗೆ ನಲವತ್ತೊಂದು ಜನ ಅಣ್ಣತಮ್ಮಂದಿರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವನು ಕಾಲೇಜು ಸೇರಿದ ಮೊದಲ ವರ್ಷ. ಎದೆಯ ಮೇಲೆ ಮೂರು ಗ್ರೀಕ್ ಅಕ್ಷರಗಳಿದ್ದ ಅಂಗಿ ತೊಟ್ಟು ಮನೆಗೆ ಬಂದವನು, ಹಿಂದೆ ನಿಂತಿದ್ದ ಆರಡಿಯ ಕೆಂಚುಗೂದಲಿನವನನ್ನು ತೋರಿಸಿ ‘ಮೈ ಬ್ರದರ್’ ಎಂದ. ಆ ಬ್ರದರ್ ನನ್ನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು, ವಿಪರೀತ ವಿನಯದಿಂದ ತಟ್ಟೆ ತೊಳೆದಿಟ್ಟ. ನನಗೆ ಆಗಲೇ ಅನುಮಾನ ಬಂತು.

ಈ ದೇಶದ ಕಾಲೇಜುಗಳಲ್ಲಿ ಇದನ್ನು ಫ್ರಾಟರ್ನಿಟಿ ಎನ್ನುತ್ತಾರೆ. ಹಾಸ್ಟೆಲ್ಲೂ ಅಲ್ಲ, ಸಂಘವೂ ಅಲ್ಲ. ಹುಡುಗರು ಒಂದೇ ಮನೆಯಲ್ಲಿದ್ದುಕೊಂಡು ಒಬ್ಬರನ್ನೊಬ್ಬರು ಅಣ್ಣತಮ್ಮ ಎಂದುಕೊಳ್ಳುತ್ತಾರೆ. ಒಂದೊಂದು ಕಾಲೇಜಿನ ಶಾಖೆಗೆ ಚಾಪ್ಟರ್ ಎಂದು ಹೆಸರು. ಸೇರುವಾಗ ದೀಕ್ಷೆಯಂಥದ್ದೇನೋ ನಡೆಯುತ್ತದೆ. ಅದನ್ನು ಹೆತ್ತವರಿಗೂ ಹೇಳುವಂತಿಲ್ಲ. ತುಮಕೂರಿನಲ್ಲಿದ್ದಾಗ ನನ್ನ ಅಣ್ಣ ಎಂಜಿನಿಯರಿಂಗ್ ಹಾಸ್ಟೆಲಿನಿಂದ ಮೂರೇ ತಿಂಗಳಿಗೆ ಟ್ರಂಕು ಹೊತ್ತು ವಾಪಸು ಬಂದಿದ್ದ. ರ‍್ಯಾಗಿಂಗ್ ಎಂದು ಅಕ್ಕಪಕ್ಕದವರು ಹೇಳಿದರೇ ಹೊರತು ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅಂದಿನಿಂದ ಹುಡುಗರು ಗುಟ್ಟು ಮಾಡಿದರೆ ಅದನ್ನು ಬಿಡಿಸಿ ನೋಡದೆ ನನಗೆ ಸಮಾಧಾನವಿಲ್ಲ.

ನನ್ನ ಗಂಡ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾರೆ. ಅವರದು ಎಲ್ಲರನ್ನೂ ನಂಬುವ ಸ್ವಭಾವ. ಚಾಪ್ಟರಿನ ಹುಡುಗರು ಹಳ್ಳ ಸ್ವಚ್ಛ ಮಾಡುತ್ತಾರೆ, ರಕ್ತದಾನ ಮಾಡುತ್ತಾರೆ, ಹೊಸದಾಗಿ ಬಂದ ವಿದ್ಯಾರ್ಥಿಗಳ ಪೆಟ್ಟಿಗೆ ಹೊತ್ತು ಕ್ಯಾಂಪಸ್ ತೋರಿಸುತ್ತಾರೆ ಎಂದು ಫೋಟೋಗಳನ್ನು ಮುಂದೆ ಹಿಡಿದರು. ಆ ಫೋಟೋಗಳೇ ನನ್ನ ತಲೆಯನ್ನು ಇನ್ನಷ್ಟು ಕೆಡಿಸಿದವು. ನಾನು ಊರಿನ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಸೇವಾ ಶಿಬಿರದ ಸರ್ಟಿಫಿಕೇಟುಗಳಿಗೆ ಸೀಲು ಒತ್ತುತ್ತಿದ್ದುದು ನಾನೇ. ಫೋಟೋ ತೆಗೆಯುವಷ್ಟು ಹೊತ್ತು ಪೊರಕೆ ಹಿಡಿದು, ಆಮೇಲೆ ಕ್ಯಾಂಟೀನಿಗೆ ಓಡುವವರನ್ನು ಕಿಟಕಿಯಿಂದ ಎಷ್ಟು ನೋಡಿಲ್ಲ!

ಮಗ ಶನಿವಾರ ಸಂಜೆ ಬಟ್ಟೆ ಒಗೆಯಲು ಮನೆಗೆ ಬರುತ್ತಿದ್ದ. ಅವನ ಅಂಗಿಗಳನ್ನು ಮೂಸಿ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಹೆಂಡದ ವಾಸನೆ ಹುಡುಕಿದ ಮೂಗಿಗೆ ಪ್ರತಿ ವಾರ ಈರುಳ್ಳಿಯ ವಾಸನೆ ಸಿಕ್ಕಿತು. ಕೇಳಿದರೆ, ನಗರದ ಇನ್ನೊಂದು ತುದಿಯಾಚೆಯ ಟಕ್ವಿಲಾದ ಫುಡ್ ಬ್ಯಾಂಕಿನಲ್ಲಿ ಕೆಲಸ ಎಂದ. ಕೊಳ್ಳಲಾಗದವರಿಗೆ ಅಕ್ಕಿ, ಬೇಳೆ, ತರಕಾರಿಯನ್ನು ಪುಕ್ಕಟೆ ಹಂಚುವ ಜಾಗ ಅದು. ನಾನೂ ಬಂದು ನೋಡುತ್ತೇನೆ ಎಂದೆ. ಹಳ್ಳಕ್ಕೆ ಬಾ, ಕ್ಯಾಂಪಸ್ಸಿಗೆ ಬಾ, ಚಾಪ್ಟರ್ ಮನೆಗೇ ಬಾ, ಅಲ್ಲಿಗೆ ಮಾತ್ರ ಬೇಡ ಎಂದು ಖಡಾಖಂಡಿತವಾಗಿ ಇಂಗ್ಲಿಷಿನಲ್ಲಿ ಹೇಳಿದ. ಹತ್ತನೇ ವಯಸ್ಸಿಗೆ ಇಲ್ಲಿಗೆ ಬಂದ ಹುಡುಗ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಇಂಗ್ಲಿಷಿನಲ್ಲೇ.

ಬೇಡ ಎಂದ ಮೇಲೆ ನಾನು ಸುಮ್ಮನಿರುವವಳಲ್ಲ. ಮುಂದಿನ ಶನಿವಾರ ಮಾಲ್‌ಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ ಟಕ್ವಿಲಾಕ್ಕೆ ಡ್ರೈವ್ ಮಾಡಿದೆ. ಗೋದಾಮುಗಳ ನಡುವಿನ ಒಂದು ಶೆಡ್ಡಿನ ಮುಂದೆ ಉದ್ದನೆಯ ಸಾಲು. ನಮ್ಮೂರ ರೇಷನ್ ಅಂಗಡಿಯ ಮುಂದೆ ಜಗಳವಿರುತ್ತಿತ್ತು, ಹರಟೆಯಿರುತ್ತಿತ್ತು. ಇಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಗೋಡೆಯ ಮರೆಯಿಂದ ಇಣುಕುತ್ತಿದ್ದ ನನ್ನನ್ನು ನೋಡಿ ಹಸಿರು ಜಾಕೆಟ್ಟಿನ ಹೆಂಗಸೊಬ್ಬರು ಹತ್ತಿರ ಬಂದು, ನಾಚಿಕೊಳ್ಳಬೇಡಿ, ಸಾಲು ಇಲ್ಲಿದೆ ಎಂದು ಬಹಳ ಮೆಲ್ಲಗೆ ಹೇಳಿದರು. ಮಗನ ಮೇಲೆ ಕಣ್ಣಿಡಲು ಬಂದಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ತೆಪ್ಪಗೆ ಹೋಗಿ ಸಾಲಿನಲ್ಲಿ ನಿಂತೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಪದ್ಮಿನಿ! ನಾವು ಬಂದ ಹೊಸದರಲ್ಲಿ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆಂದು ತೋರಿಸಿದವರು, ನನಗೆ ಡ್ರೈವಿಂಗ್ ಕಲಿಸಿದವರು. ಆರು ತಿಂಗಳಿಂದ ಕನ್ನಡ ಕೂಟಕ್ಕೆ ಬಂದಿರಲಿಲ್ಲ, ನನ್ನ ಫೋನೂ ಎತ್ತಿರಲಿಲ್ಲ. ದೊಡ್ಡವರಾಗಿಬಿಟ್ಟರು, ನಾವೆಲ್ಲ ಈಗ ಕಣ್ಣಿಗೆ ಕಾಣುವುದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ಆಡಿಯೂ ಇದ್ದೆ.

“ನಿಮ್ಮನೆಯವ್ರಿಗೂ ಕೆಲಸ ಹೋಯ್ತಾ?” ಎಂದರು ಪದ್ಮಿನಿ. “ನಮ್ಮವ್ರನ್ನ ಫ್ರೀಮಾಂಟ್ ಆಫೀಸಿಂದ ತೆಗೆದು ಏಳು ತಿಂಗಳಾಯ್ತು. ನಮ್ಮ ಜನ ಯಾರೂ ಸಿಗಲ್ಲ ಅಂತ ಇಷ್ಟು ದೂರ ಬರ್ತೀನಿ.”

ಅವರ ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಸಮಾಧಾನವಿತ್ತು. ನಾನು ಇಲ್ಲ ಎಂದುಬಿಟ್ಟರೆ ಅದು ಆ ಕ್ಷಣವೇ ಹೋಗುತ್ತಿತ್ತು. ಹೂಂ, ಯುಗಾದಿ ಆದ ಮೇಲೆ ಹೋಯಿತು ಎಂದೆ.

“ನಿಮಗೆ ನನಗಿಂತ ಕಷ್ಟ ಬಿಡಿ, ಮಗನ ಎದುರಿಗೇ ಚೀಲ ಹಿಡೀಬೇಕು. ಯಾರಿಗೂ ಹೇಳ್ಬೇಡಪ್ಪ ಅಂತ ಅವನ ಹತ್ರ ಮಾತು ತಗೊಂಡಿದ್ದೆ. ನಿಮಗೂ ಹೇಳಿಲ್ಲ ನೋಡಿ.”

ಸಾಲು ಮುಂದೆ ಸರಿಯಿತು. ಮೇಜಿನ ಆಚೆ ನನ್ನ ಮಗ, ಪಕ್ಕದಲ್ಲಿ ಆ ಕೆಂಚುಗೂದಲಿನವನು, ಇಬ್ಬರ ಕೈಯೂ ಮಣ್ಣು. ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಮಗ ನನ್ನನ್ನು ನೋಡಿದ, ಹಿಂದಿದ್ದ ಪದ್ಮಿನಿಯನ್ನು ನೋಡಿದ. ಅಮ್ಮ ಎನ್ನಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿ, ಮೂರು ಜನಕ್ಕಾಗುವಷ್ಟು ತುಂಬಿಕೊಟ್ಟ. ನನಗೆ ಹೆಮ್ಮೆಯಾಯಿತು; ಭೂಮಿ ಬಾಯ್ಬಿಡಬಾರದೇ ಎಂದೂ ಅನಿಸಿತು.

ಸಂಜೆ ಮನೆಗೆ ಬಂದವನು ಅಪರೂಪಕ್ಕೆ ಕನ್ನಡದಲ್ಲಿ ಮಾತಾಡಿದ.

“ಚಾಪ್ಟರಲ್ಲಿ ಯಾರೂ ನನ್ನ ಫಾಲೋ ಮಾಡಲ್ಲ ಅಮ್ಮ. ನೀನೊಬ್ಳೇ.”

ಆ ದೀಕ್ಷೆಯ ಬಗ್ಗೆ ನನ್ನ ಅನುಮಾನ ಇವತ್ತಿಗೂ ಹೋಗಿಲ್ಲ. ಆದರೆ ಕೇಳುವ ಹಕ್ಕನ್ನು ನಾನೇ ಕಳೆದುಕೊಂಡೆ.

ಈಗ ಪ್ರತಿ ಶನಿವಾರ ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ತಂದ ಚೀಲದ ಜೊತೆ ನನ್ನದೊಂದು ಅಕ್ಕಿ ಮೂಟೆ ಸೇರಿಸಿ ಮಗನ ಕೈಯಲ್ಲಿ ಅಲ್ಲಿಗೇ ವಾಪಸು ಕಳಿಸುತ್ತೇನೆ. ಮೇಜಿನ ಆಚೆ ನಿಂತು ಹಂಚುವುದು ನನಗೆ ಸುಲಭ, ಆದರೆ ಅಲ್ಲಿ ನಿಂತರೆ ಪದ್ಮಿನಿ ಮತ್ತೆ ಬರುವುದಿಲ್ಲ. ಕನ್ನಡ ಕೂಟದಲ್ಲಿ ಸಿಗದ ಮಾತು ಈ ಸಾಲಿನಲ್ಲಿ ಸಿಗುತ್ತದೆ: ತಾಯಿಯ ಮಂಡಿನೋವು, ಗಂಡನ ಸಿಡುಕು, ಊರಿಗೆ ವಾಪಸು ಹೋಗೋಣವೇ ಎಂಬ ಯೋಚನೆ. ಹತ್ತು ವರ್ಷದಲ್ಲಿ ಈ ದೇಶದಲ್ಲಿ ನನಗಾಗಿ ಜಾಗ ಹಿಡಿದಿಟ್ಟುಕೊಂಡು ದಾರಿ ಕಾಯುವವರು ಪದ್ಮಿನಿಯೊಬ್ಬರೇ. ಅವರು ಕಾಯುತ್ತಿರುವುದು ಕೆಲಸ ಕಳೆದುಕೊಂಡವನ ಹೆಂಡತಿಗಾಗಿ.