ಗಂಟಿಲ್ಲದ ಮುದ್ದೆ

ನನ್ನ ತಂಗಿಗೆ ಎರಡು ಕಿಡ್ನಿಯೂ ಕೈಕೊಟ್ಟು, ವಾರಕ್ಕೆರಡು ಸಲ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಡಯಾಲಿಸಿಸ್‌ಗೆ ಓಡಾಡುತ್ತಿದ್ದಾಗ, ನನ್ನದೊಂದು ಕೊಡುತ್ತೇನೆ ಎಂದು ಮೊದಲು ಮುಂದೆ ಬಂದವಳು ನಾನೇ. ರಕ್ತವೂ ಹೊಂದಿತು. ದಿನವಿಡೀ ಬಗ್ಗಿ ಚೆಂಡುಹೂ ಕೊಯ್ಯುವ ಮೈ, ಇದಕ್ಕೇನು ಧಾಡಿ ಎಂಬ ಜಂಬ ಬೇರೆ.

ಬಿಪಿ ನೋಡಿದ ಡಾಕ್ಟರಮ್ಮ ಪಟ್ಟಿಯನ್ನು ಇನ್ನೊಂದು ತೋಳಿಗೆ ಸುತ್ತಿದರು. ಮರುವಾರ ಮತ್ತೆ ಸುತ್ತಿದರು. ಎದೆಯ ಸ್ಕ್ಯಾನ್ ಆಯಿತು. ಎಷ್ಟೋ ವರ್ಷದಿಂದ ಬಿಪಿ ಇದ್ದು ಹೃದಯದ ಗೋಡೆ ದಪ್ಪವಾಗಿದೆ, ನಿಮ್ಮ ಕಿಡ್ನಿ ತೆಗೆಯುವ ಹಾಗಿಲ್ಲ ಎಂದರು. ನನಗಿನ್ನೂ ಮೂವತ್ತೆಂಟು. ವಂಶದಲ್ಲಿ ಯಾರಿಗೂ ಇಲ್ಲ. ಆಮೇಲೆ ಅವರು, ಚಿಕ್ಕಂದಿನಲ್ಲಿ ಮನೆಯಲ್ಲಿ ಹೆದರಿಕೊಂಡು ಬೆಳೆದಿರಾ ಎಂದು ಕೇಳಿದರು. ಅಂಥ ಭಯ ವರ್ಷಗಟ್ಟಲೆ ಇದ್ದರೆ ಮೈ ಅದನ್ನೇ ರೂಢಿ ಮಾಡಿಕೊಂಡುಬಿಡುತ್ತದಂತೆ. ಇದೇ ಕಾರಣ ಎಂದು ಆಣೆ ಇಡಲಾರೆ, ಇರಬಹುದು ಎಂದರು.

ಇಲ್ಲ ಅಂದುಬಿಟ್ಟೆ. ನೆನಪಾದದ್ದು ಮಾತ್ರ ಮುದ್ದೆ.

ನಮ್ಮ ತವರೂರು ಭೀಮನಬೀಡು. ಅವ್ವ ಕೂಲಿಯಿಂದ ಬರುವುದು ತಡವಾಗುತ್ತಿತ್ತು, ಹಾಗಾಗಿ ಎಂಟನೇ ವಯಸ್ಸಿಗೇ ಮುದ್ದೆಕೋಲು ನನ್ನ ಕೈಗೆ ಬಂತು. ಅಪ್ಪ ಮುದ್ದೆಯ ನಡುವೆ ಬೆರಳಿಟ್ಟು ಬಿಡಿಸಿ ನೋಡುತ್ತಿದ್ದ. ಒಳಗೆ ಬೇಯದ ಹಿಟ್ಟಿನ ಗಂಟು ಸಿಕ್ಕಿದರೆ ತಟ್ಟೆ ಗೋಡೆಗೆ, ಕೋಲು ನನ್ನ ಬೆನ್ನಿಗೆ. ಆಮೇಲಾಮೇಲೆ ತಂಗಿ ತಿರುವಿದ ದಿನವೂ ನಾನೇ ಮಾಡಿದ್ದು ಎನ್ನುತ್ತಿದ್ದೆ. ಅಪ್ಪ ಊಟಕ್ಕೆ ಕೂರುವ ಮೊದಲೇ ಅವಳನ್ನು ಪಕ್ಕದ ಮನೆಗೆ ಅಟ್ಟುತ್ತಿದ್ದೆ. ಅಪ್ಪನ ಬೆರಳು ಮುದ್ದೆಗಿಳಿಯುವ ಗಳಿಗೆಯಲ್ಲಿ ನನ್ನ ಎದೆ ಕಿವಿಯೊಳಗೇ ಬಡಿಯುತ್ತಿತ್ತು. ಅಪ್ಪ ಸತ್ತು ಹತ್ತು ವರ್ಷವಾಯಿತು. ಗಂಡ ತಟ್ಟೆ ಮುಂದೆ ಕೂತರೆ ಈಗಲೂ ಬಡಿಯುತ್ತದೆ. ಪಾಪ, ಅವನು ಹಸಿ ಹಿಟ್ಟು ಕೊಟ್ಟರೂ ನುಂಗುವ ಪ್ರಾಣಿ.

ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಮಾಡಲಿ? ತಿಂಗಳುಗಟ್ಟಲೆ ಮಾತ್ರೆ ನುಂಗಿದೆ, ನುಗ್ಗೆಸೊಪ್ಪಿನ ರಸವನ್ನೂ ಕುಡಿದೆ. ಬಿಪಿ ಒಂದಿಷ್ಟು ಇಳಿಯಿತು. ಡಾಕ್ಟರಮ್ಮ ಮಾತ್ರ ಒಪ್ಪಲಿಲ್ಲ. ಅವ್ವನಿಗೆ ವಯಸ್ಸು ಮೀರಿತ್ತು, ಬೇರೆ ಯಾರದೂ ಹೊಂದಲಿಲ್ಲ.

ಡಯಾಲಿಸಿಸ್ ಮಂಚದ ಪಕ್ಕ ಕೂತು, ಬಿಪಿಯಿಂದಾಗಿ ನನ್ನ ಕಿಡ್ನಿ ಆಗದು ಎಂದದ್ದನ್ನೂ, ಮನೆಯಲ್ಲಿ ಹೆದರಿಕೊಂಡು ಬೆಳೆದಿರಾ ಎಂದು ಡಾಕ್ಟರಮ್ಮ ಕೇಳಿದ್ದನ್ನೂ ತಂಗಿಗೆ ಹೇಳಿದೆ. ಅವಳು ಅಳಲಿಲ್ಲ. ಸೂಜಿ ಇಲ್ಲದ ಕೈಯಿಂದ ನನ್ನ ಕೈ ಹಿಡಿದುಕೊಂಡು, ನನಗಾಗಿ ಮರುಗಿದಳು.

"ನಿಂಗ್ಯಾಕಕ್ಕ ಬಂತು ಈ ಬಿಪಿ? ಅಪ್ಪ ವಸಿ ಮುಂಗೋಪಿ ಅನ್ನೋದ್ ಬುಟ್ರೆ, ನಮ್ಮನ್ನ ಚೆಂದಾಗೇ ಸಾಕ್ದ. ನನ್ ಮೇಲಂತೂ ಒಂದಿನಾನೂ ಕೈ ಎತ್ನಿಲ್ಲ ಕಣಕ್ಕ."

"ಉಪ್ಪು ಜಾಸ್ತಿ ತಿಂತೀನಿ ಕಣಮ್ಮಿ, ಅದ್ಕೇಯ" ಅಂದೆ.