ಮೂಗಿನ ತೀರ್ಪು

ಯುದ್ಧಕಾಲದ ವಿಜಾಪುರದಲ್ಲಿ ರೇಷನ್ ಜೋಳಕ್ಕೆ ಎರಡು ಪರೀಕ್ಷೆಗಳಿದ್ದವು. ಮೊದಲನೆಯದು ಸರ್ಕಾರದ್ದು, ಅದರಲ್ಲಿ ಎಲ್ಲ ಜೋಳವೂ ಪಾಸಾಗುತ್ತಿತ್ತು. ಎರಡನೆಯದು ಸ್ಟೇಷನ್ ರಸ್ತೆಯಲ್ಲಿ ನಾವು ದಿನಾ ಉಣ್ಣುತ್ತಿದ್ದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ, ಎಲ್ಲರೂ ಅವ್ವ ಎನ್ನುತ್ತಿದ್ದ ಹೆಂಗಸಿನದು. ಕಾಳನ್ನು ಮುಷ್ಟಿಯಲ್ಲಿ ಹಿಡಿದು, ಬಿಸಿ ಉಸಿರು ಊದಿ, ಮೂಸಿ ನೋಡಿ, “ಮೂಗು ಲಂಚ ತಿನ್ನಂಗಿಲ್ಲ” ಎನ್ನುತ್ತಿದ್ದಳು.

ಒಮ್ಮೆ ಬಂದ ಚೀಲದಲ್ಲಿ ಕಾಳು ಹಸಿರು ಬೂಷ್ಟು ಹಿಡಿದು ಹೆಂಟೆಗಟ್ಟಿತ್ತು. ಅವ್ವ ಬೀಸಲು ಒಪ್ಪಲಿಲ್ಲ.

“ತೊಳದು ಒಣಗಿಸಿ ಬೀಸಬೇ ಯವ್ವಾ,” ಎಂದು ಮಾಲಕರು ಬೇಡಿಕೊಂಡರು.

“ತೊಳದ್ರ ಬೂಷ್ಟ ಹೋಗತೈತಿ, ವಿಷ ಹೋಗಂಗಿಲ್ರಿ. ನಮ್ಮೂರ ನಿಡೋಣ್ಯಾಗ ಇಂಥಾದ ತಿಂದು ಎರಡ ಎತ್ತ ಕಾಲ ಚಾಚಿದ್ದು ನೋಡೇನಿ.”

ಸುದ್ದಿ ಮುಟ್ಟಿ, ರೇಷನ್ ಸಾಹೇಬರು ಊಟದ ಹೊತ್ತಿಗೆ ಖುದ್ದಾಗಿ ದಯಮಾಡಿಸಿದರು. ಮಾಲಕರು ಚಹಾ ಕೊಟ್ಟರು.

“ಲಡಾಯಿ ನಡದೈತಿ, ಬ್ಯಾರೆ ಚೀಲ ಸಿಗಂಗಿಲ್ಲ. ಮನಷ್ಯಾರಿಗೆ ಬ್ಯಾಡಾದ್ರ ಎಮ್ಮಿಗೆ ಹಾಕು,” ಎಂದರು ಸಾಹೇಬರು.

“ಹಾಕ್ತೇನ್ರೀ ಸಾಹೇಬ್ರ. ನಿಮ್ಮ ನಾಳಿನ ಚಹಾಕ್ಕೂ ಅದ ಎಮ್ಮಿ ಹಾಲ ಐತಿ, ತಪ್ಪದ ಬರ್ರಿ,” ಎಂದಳು ಅವ್ವ.

ಸಾಹೇಬರು ಚಹಾದ ಬಶಿಯನ್ನು ಕೆಳಗಿಟ್ಟರು. ಕೆಳಗಿಟ್ಟದ್ದು ಬಶಿಯನ್ನು ಮಾತ್ರ, ಹಟವನ್ನಲ್ಲ.

“ಇವತ್ತ ಇದರದ ರೊಟ್ಟಿ ಆಗದಿದ್ರ, ನಾಳಿಂದ ಈ ಖಾನಾವಳಿಗೆ ಕಾಳು ಬಂದ್!”

ಅವ್ವ ತಂಬಿಗೆ ತುಂಬ ನೀರನ್ನು ಉರಿಯುತ್ತಿದ್ದ ಒಲೆಗೆ ಸುರಿದಳು. ತಾಟಿನ ಮುಂದೆ ಕುಳಿತಿದ್ದ ನಾವು ಇಪ್ಪತ್ತು ಮಂದಿ ಹಸಿದೇ ಎದ್ದೆವು. ವಾರವಿಡೀ ಅವಳನ್ನು ಮನಸಾರೆ ಬೈದೆವು. ಹಾಗೆ ಬೈಯುವಷ್ಟು ಆರೋಗ್ಯ ಇಪ್ಪತ್ತೂ ಮಂದಿಯಲ್ಲಿ ಉಳಿದಿತ್ತು.