ಮುರಿದ ಹಿಡಿಕೆ ಮತ್ತು ಡ್ರಾಯಿಂಗ್ ಅಕ್ಕ

ನಮ್ಮ ಡ್ರಾಯಿಂಗ್ ಅಕ್ಕನಿಂದ ನನ್ನ ಕೆಲಸ ಉಳಿಯಿತು. ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು ಎಂಬುದು ಕಾರ್ಖಾನೆಯ ಹೊರಗೆ ಯಾರಿಗೂ ಗೊತ್ತಿಲ್ಲ. ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ತಯಾರಾಗುವುದು ಕೈಯಲ್ಲಿ ಹಿಡಿದು ಬಳಸುವ, ಕಸ ಹೀರುವ ಸಣ್ಣ ಯಂತ್ರ. ಸೋಫಾ ಸಂದಿ, ಮೆಟ್ಟಿಲ ಮೂಲೆ, ಕಾರಿನ ಸೀಟು, ಇಂಥ ಕಡೆ ಓಡಿಸುವಂಥದ್ದು. ನಾನು ಕೆಳಗಿನ ಶೆಡ್ಡಿನಲ್ಲಿ ಅಚ್ಚಿನ ಯಂತ್ರ ನೋಡಿಕೊಳ್ಳುತ್ತೇನೆ. ಕಾದ ಪ್ಲಾಸ್ಟಿಕ್ಕು ಕಬ್ಬಿಣದ ಅಚ್ಚಿನೊಳಗೆ ಹೋಗುತ್ತದೆ, ಹಿಡಿಕೆಯಾಗಿ ಹೊರಗೆ ಬೀಳುತ್ತದೆ. ಅಕ್ಕ ಇರುವುದು ಮೇಲಿನ ಮಹಡಿಯಲ್ಲಿ. ಯಂತ್ರ ಎಷ್ಟು ಭಾರ ಇರಬೇಕು, ಕೈ ಎಲ್ಲಿ ಹಿಡಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಲೆಕ್ಕ ಹಾಕಿ ಗೆರೆ ಎಳೆಯುವುದು ಅವರ ಕೆಲಸ. ಹೆಸರಿಗೆ ಡ್ರಾಯಿಂಗ್ ಅಕ್ಕ, ಆದರೆ ದಿನದಲ್ಲಿ ಅರ್ಧ ಹೊತ್ತು ಒಡೆಯುತ್ತಲೇ ಇರುತ್ತಾರೆ. ಸೊಂಟದೆತ್ತರದಿಂದ ನೆಲಕ್ಕೆ ಬೀಳಿಸುತ್ತಾರೆ, ಮರಳಿನ ಚೀಲ ನೇತು ಹಾಕುತ್ತಾರೆ. ನಾವು ಮಾಡುವುದು, ಅಕ್ಕ ಮುರಿಯುವುದು, ಇಬ್ಬರಿಗೂ ಸಂಬಳ ಎಂದು ಶೆಡ್ಡಿನಲ್ಲಿ ತಮಾಷೆ ಮಾಡುತ್ತಿದ್ದೆವು.

ಕಸದ ಯಂತ್ರದ ಹೊಸ ಮಾದರಿ ಬಂದರೆ ಅಕ್ಕ ಮೊದಲು ಮನೆಗೆ ಒಯ್ದು ಅತ್ತೆಯ ಕೈಗೆ ಕೊಡುತ್ತಾರೆ. ಅತ್ತೆಗೆ ಬೆರಳ ಗಂಟುಗಳೆಲ್ಲ ಊದಿವೆ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಒಂದು ಸಲ ಯಂತ್ರ ಹಿಡಿದು ನೋಡಿ ಹೇಳಿದರಂತೆ:

"ಇದು ಕಸ ಎಳೆಯುತ್ತೋ ನನ್ನ ಭುಜ ಎಳೆಯುತ್ತೋ, ಮೊದಲು ಅದನ್ನ ಹೇಳು."

ಮಾರನೆ ದಿನ ಅಕ್ಕ ತೂಗಿ ನೋಡಿದರು. ಮೋಟಾರು ಮೂತಿಯ ಹತ್ತಿರ ಇತ್ತು. ಅದನ್ನು ಹಿಂದಕ್ಕೆ ತಂದು ಮುಷ್ಟಿಯ ಮೇಲೆ ಕೂರಿಸಿದರು. ತೂಕ ಒಂದು ಗ್ರಾಮೂ ಕಡಿಮೆಯಾಗಲಿಲ್ಲ, ಮಣಿಕಟ್ಟಿಗೆ ಮಾತ್ರ ಹಗುರ ಎನಿಸಿತು.

ಹೋದ ವರ್ಷ ಅಂಗಡಿಗಳಿಂದ ಹಿಡಿಕೆ ಮುರಿದ ಯಂತ್ರಗಳು ವಾಪಸು ಬರತೊಡಗಿದವು. ಎಲ್ಲವೂ ಒಂದೇ ಜಾಗದಲ್ಲಿ, ಹಿಡಿಕೆ ಮೈಗೆ ಸೇರುವ ಒಳಮೂಲೆಯಲ್ಲಿ, ಬಿರುಕು ಬಿಟ್ಟಿದ್ದವು. ಶೆಡ್ಡಿನಲ್ಲಿ ಹಿಡಿಕೆ ತಯಾರಿಸುವ ಅಚ್ಚಿನ ಯಂತ್ರ ಎರಡಿವೆ. ಪ್ರತಿ ಹಿಡಿಕೆಯ ಒಳಗೂ ಯಾವ ಯಂತ್ರದ್ದು ಎಂಬ ಗುರುತಿರುತ್ತದೆ. ಮುರಿದವುಗಳೆಲ್ಲ ನನ್ನ ಯಂತ್ರದವು.

ನಾನು ಅವಸರ ಮಾಡಿ ಪ್ಲಾಸ್ಟಿಕ್ಕು ಆರುವ ಮೊದಲೇ ತೆಗೆಯುತ್ತಿದ್ದೇನೆ ಎಂದು ಮ್ಯಾನೇಜರಿಗೆ ಸೂಪರ್‌ವೈಸರ್ ಬರೆದುಕೊಟ್ಟರು. ಶನಿವಾರ ಸಭೆ, ಅಲ್ಲಿ ತೀರ್ಮಾನ ಎಂದರು. ಎಂಥ ತೀರ್ಮಾನ ಎಂದು ಕೇಳಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷ ಅದೇ ಯಂತ್ರದ ಮುಂದೆ ನಿಂತವನು ನಾನು. ಬೇರೆ ಕೆಲಸ ಬರುವುದಿಲ್ಲ. ಮನೆಯಲ್ಲಿ ಹೇಳಿದೆ. ನೀವು ಅವಸರ ಮಾಡಿದ್ರಾ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ. ಹಾಗಾದರೆ ತಲೆ ಎತ್ತಿಕೊಂಡು ಹೋಗಿ ಎಂದಳು. ಹೋದೆ, ತಲೆ ಏಳಲಿಲ್ಲ.

ಬುಧವಾರ ಅಕ್ಕ ಒಂದು ಸ್ಟೂಲು ತಂದು ನನ್ನ ಯಂತ್ರದ ಪಕ್ಕ ಕೂತರು. ಇಡೀ ಪಾಳಿ ಗಡಿಯಾರ ನೋಡಿ ಬರೆದುಕೊಂಡರು. ಮಾರನೆ ದಿನ ಪಕ್ಕದ ಯಂತ್ರದ ಹತ್ತಿರ ಕೂತರು. ಪ್ಲಾಸ್ಟಿಕ್ಕು ಆರಲು ನಾನು ಕೊಡುವ ಹೊತ್ತೂ ಆ ಯಂತ್ರದವನು ಕೊಡುವ ಹೊತ್ತೂ ಒಂದೇ ಇತ್ತು. ಆಮೇಲೆ ಎರಡೂ ಕಡೆಯ ಹಿಡಿಕೆಗಳನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿದರು. ಒಳಮೂಲೆಯ ಮೇಲೆ ಉಗುರು ಆಡಿಸಿದರು. ನನ್ನದರಲ್ಲಿ ಉಗುರು ಸಿಕ್ಕಿಕೊಂಡಿತು. ಅವನದರಲ್ಲಿ ಜಾರಿತು.

ನನ್ನ ಅಚ್ಚು ಹೊಸದು, ಅವನದು ಹಳೆಯದು. ಹಳೆಯದನ್ನು ಮಾಡಿದ ಮೇಸ್ತ್ರಿ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಅಕ್ಕ ಅವರ ಮನೆ ಹುಡುಕಿಕೊಂಡು ಹೋದರು, ಜೊತೆಗೆ ನನ್ನನ್ನೂ ಕರೆದುಕೊಂಡರು. ಮೇಸ್ತ್ರಿ ಸೀಳಿದ ಹಿಡಿಕೆಗಳನ್ನು ಕನ್ನಡಕ ಏರಿಸಿ ನೋಡಿದರು.

"ಡ್ರಾಯಿಂಗಲ್ಲಿ ಮೂಲೆ ಚೂಪಾಗೇ ಇತ್ತು ತಾಯಿ. ಆದ್ರೆ ನನ್ನ ಕೈ ಯಾವ ಮೂಲೇನೂ ಹಾಗೇ ಬಿಡಲ್ಲ. ಸ್ವಲ್ಪ ಉಜ್ಜಿ ದುಂಡಗೆ ಮಾಡಿದ್ದೆ. ಹೇಳೋದು ಮರೆತೆ."

ಹೊಸ ಅಚ್ಚು ಮಾಡಿದವರು ಡ್ರಾಯಿಂಗಿನಲ್ಲಿ ಇದ್ದುದನ್ನು ಇದ್ದ ಹಾಗೇ ಮಾಡಿದ್ದರು. ಬಸ್ಸು ಇಳಿಯುವಾಗ ಅಕ್ಕ, ಆ ಡ್ರಾಯಿಂಗ್ ಮಾಡಿದ್ದು ನಾನೇ ಎಂದರು. ಮೇಲಿನ ಮಹಡಿಯ ಮುಖ್ಯಸ್ಥರ ಜಾಗ ಖಾಲಿಯಾಗುವುದಿತ್ತು, ಮುಂದಿನ ತಿಂಗಳು ಅದು ಅಕ್ಕನಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ಅಚ್ಚಿನ ತಪ್ಪು ಎಂದು ಒಂದು ಸಾಲು ಬರೆದು ಅವರು ಕೈ ತೊಳೆದುಕೊಳ್ಳಬಹುದಿತ್ತು. ಆಗಲೂ ನನ್ನ ಕೆಲಸ ಉಳಿಯುತ್ತಿತ್ತೋ ಏನೋ. ಆದರೆ ಅಚ್ಚು ಮಾಡಿದವನ ಕೆಲಸ ಹೋಗುತ್ತಿತ್ತು.

ಶನಿವಾರ ಸಭೆಯಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ಎರಡು ಕಾಗದ ತಂದಿದ್ದರು. ಒಂದರ ಅಂಚಿನಲ್ಲಿ ಚೂಪಾಗಿ ಕತ್ತರಿಸಿದ್ದರು, ಇನ್ನೊಂದರಲ್ಲಿ ಅಷ್ಟೇ ಆಳಕ್ಕೆ ದುಂಡಗೆ. ಮ್ಯಾನೇಜರ್ ಕೈಗೆ ಕೊಟ್ಟು ಎಳೆಯಲು ಹೇಳಿದರು. ಚೂಪಾದದ್ದು ಪರ್ರೆಂದು ಹರಿಯಿತು. ದುಂಡಗಿನದು ಹರಿಯಲು ಮ್ಯಾನೇಜರ್ ಮೊಣಕೈ ಎತ್ತಬೇಕಾಯಿತು. ಹಾಗಾದರೆ ಮೂಲೆ ಯಾಕೆ ಚೂಪಾಯಿತು, ಯಾರ ತಪ್ಪು ಎಂದು ಅವರು ಕೇಳಿದರು.

"ಇವರು ಸರಿಯಾಗಿ ಮಾಡಿದ್ದಾರೆ, ಅಚ್ಚಿನವರೂ ಸರಿಯಾಗಿ ಮಾಡಿದ್ದಾರೆ. ಗೆರೆ ಎಳೆದವಳು ನಾನು. ತಪ್ಪು ನನ್ನ ಗೆರೇಲಿದೆ ಸರ್."

ಸೂಪರ್‌ವೈಸರ್ ತಮ್ಮ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. ಸೋಮವಾರ ಅಚ್ಚಿನ ಮೂಲೆ ದುಂಡಗಾಯಿತು. ಆಮೇಲೆ ಆ ಜಾಗದಲ್ಲಿ ಒಂದು ಹಿಡಿಕೆಯೂ ಮುರಿದು ಬಂದಿಲ್ಲ. ಮುಖ್ಯಸ್ಥರ ಕುರ್ಚಿಗೆ ಬೇರೆಯವರು ಬಂದರು.

ನಾನು ಥ್ಯಾಂಕ್ಸ್ ಹೇಳಲು ಮಹಡಿ ಹತ್ತಿದ್ದೆ. ಅಂದುಕೊಂಡು ಹೋದದ್ದು ಒಂದೂ ಸರಿಯಾಗಿ ಬಾಯಿಗೆ ಬರಲಿಲ್ಲ. ಅಕ್ಕನೇ, ಯಂತ್ರ ಬಿಟ್ಟು ಬಂದಿದ್ದೀರಲ್ಲ, ಈಗ ನಿಜವಾಗಿಯೂ ಬೈಸಿಕೊಳ್ಳುತ್ತೀರಿ ಎಂದು ನಗಿಸಿ ಕಳಿಸಿದರು.

ಅವತ್ತು ಹೇಳಲಾಗದ್ದನ್ನು ಇಲ್ಲಿ ಹೇಳಿದ್ದೇನೆ. ನನ್ನ ಮಾತನ್ನಷ್ಟೇ ನಂಬಬೇಡಿ, ನೀವೇ ಒಮ್ಮೆ ಹೋಗಿ ನೋಡಿ. ಊಟದ ಬಿಡುವಿನಲ್ಲಿ ಹಿಂದಿನ ಗೇಟಿನವರು ಒಳಗೆ ಬಿಡುತ್ತಾರೆ. ಮೇಲಿನ ಮಹಡಿ, ಕಿಟಕಿಯ ಪಕ್ಕದ ಮೇಜು. ಮನೆಯಲ್ಲಿ ಮುರಿದ ಸಾಮಾನು ಏನಾದರೂ ಇದ್ದರೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಬರಿಗೈಯಲ್ಲಿ ಹೋದರೂ ಮಾತಾಡಿಸುತ್ತಾರೆ.